ಬಚ್ಚಲುಮನೆಗೆ ಕೆಂಪು ಗಾರೆ ನೆಲ: ನಾವೇ ನಿಂತು ಮಾಡಿಸುವ ಬಗೆ

ಹಳೆಯ ಮನೆಗಳ ಪಡಸಾಲೆಯಲ್ಲಿ ಮುಖ ಕಾಣುವಷ್ಟು ಹೊಳೆಯುವ ಕೆಂಪು ನೆಲಕ್ಕೆ ಮರುಳಾದವರು ಅದನ್ನೇ ಬಚ್ಚಲುಮನೆಗೂ ಹಾಕಿಸಲು ಹೊರಡುತ್ತಾರೆ. ನಾನೂ ಹಾಗೆ ಹೊರಟವನೇ. ತುಮಕೂರಿನ ನಮ್ಮ ಮನೆಯ ಮೊದಲ ಬಚ್ಚಲಿಗೆ ಆ ಹೊಳಪನ್ನು ತರಿಸಿಯೂ ಬಿಟ್ಟೆ. ಬಳಸಲು ಶುರು ಮಾಡಿದ ಮೂರನೇ ದಿನ ಸೋಪಿನ ನೊರೆಯ ಮೇಲೆ ಕಾಲಿಟ್ಟ ನನ್ನ ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡದ್ದರಿಂದ ಸೊಂಟ ಉಳಿಯಿತು. ಮೇಸ್ತ್ರಿ ಅರ್ಧ ದಿನ ಮೊಣಕಾಲೂರಿ ತಂದ ಹೊಳಪನ್ನು ನಾನು ಎಮರಿ ಕಾಗದ ಹಿಡಿದು ಎರಡು ದಿನ ಕೂತು ತೆಗೆದೆ.

ಆಮೇಲೆ ಹೊಳೆಯಿತು: ನಮ್ಮ ಹಿರಿಯರು ಪಡಸಾಲೆಗೆ ಕೆಂಪು ಗಾರೆ ಹಾಕಿಸಿದರೂ ಬಚ್ಚಲಿಗೆ ಮಾತ್ರ ಒರಟು ಕಲ್ಲು ಚಪ್ಪಡಿಯನ್ನೇ ಹಾಸುತ್ತಿದ್ದರು. ಹಂಡೆಯ ಪಕ್ಕದ ಆ ಚಪ್ಪಡಿಯ ಮೇಲೆ ಎಣ್ಣೆ ಹಚ್ಚಿಕೊಂಡು ಕೂತರೂ ಯಾರೂ ಜಾರುತ್ತಿರಲಿಲ್ಲ. ಎರಡನೇ ಬಚ್ಚಲನ್ನು ಮಾಡಿಸುವಾಗ ಈ ಎರಡನ್ನೂ ಸೇರಿಸಿದೆವು. ಬಣ್ಣ ಪಡಸಾಲೆಯದು, ಮೈ ಮಾತ್ರ ಚಪ್ಪಡಿಯದು. ಆ ನೆಲವನ್ನು ಹೇಗೆ ಮಾಡುವುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ಐದು ಅಡಿ ಅಗಲ, ಏಳು ಅಡಿ ಉದ್ದದ, ಅಂದರೆ 35 ಚದರ ಅಡಿಯ ಬಚ್ಚಲಿನದು.

ಮೊದಲೇ ಒಂದು ಎಚ್ಚರಿಕೆ. ಇದು ಟೈಲ್ಸ್ ಹಾಕಿದಂತೆ ನಾಲ್ಕು ದಿನದ ಕೆಲಸವಲ್ಲ. ಹಳೆಯ ನೆಲ ಒಡೆಯುವುದರಿಂದ ಹಿಡಿದು ಮೊದಲ ಸ್ನಾನದವರೆಗೆ ಆರೇಳು ವಾರ ಬೇಕು. ಅದರಲ್ಲಿ ಕೈಕೆಲಸದ ದಿನಗಳು ಏಳೆಂಟೇ. ಉಳಿದದ್ದೆಲ್ಲ ನೀರು ನಿಲ್ಲಿಸಿ ಕಾಯುವುದು ಅಥವಾ ಒಣಗಲು ಬಿಟ್ಟು ಕಾಯುವುದು. ಮನೆಯಲ್ಲಿ ಇರುವುದು ಒಂದೇ ಬಚ್ಚಲಾದರೆ ಬೇರೆ ವ್ಯವಸ್ಥೆ ಮಾಡಿಕೊಂಡೇ ಕೈ ಹಾಕಿ.

ಮೇಸ್ತ್ರಿಯನ್ನು ಆರಿಸುವುದು

ಟೈಲ್ಸ್ ಬಂದ ಮೇಲೆ ಕರಣೆಯಲ್ಲಿ ನೆಲ ನುಣುಪು ಮಾಡುವ ಕೈಗಳು ಕಡಿಮೆಯಾಗಿವೆ. "ಮಾಡಿಕೊಡುತ್ತೇನೆ ಸಾರ್" ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಮಾತು ಮುಗಿಸುವ ಮುನ್ನ ಮನೆಯ ಹಿತ್ತಲಿನಲ್ಲಿ ಒಂದೂವರೆ ಅಡಿ ಚೌಕದ ಒಂದು ಮಾದರಿಯನ್ನು ಮಾಡಿಕೊಡಲು ಕೇಳಿ, ಅದಕ್ಕೆ ಒಂದು ದಿನದ ಕೂಲಿಯನ್ನು ಕೊಟ್ಟುಬಿಡಿ. ಒಂದು ವಾರ ಅದಕ್ಕೆ ನೀರುಣಿಸಿ, ಒಣಗಿಸಿ, ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡಿದರೆ ಜೇಡರ ಬಲೆಯಂಥ ಸಣ್ಣ ಬಿರುಕುಗಳಿವೆಯೇ, ಕೈಗೆ ಬಣ್ಣ ಹತ್ತುತ್ತದೆಯೇ ಎಂಬುದು ಗೊತ್ತಾಗುತ್ತದೆ. ಬಣ್ಣದ ಹದವನ್ನೂ ಅದರಲ್ಲೇ ತೀರ್ಮಾನಿಸಬಹುದು, ಏಕೆಂದರೆ ಹಸಿಯಾಗಿದ್ದಾಗ ಕಾಣುವ ಕೆಂಪು ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ.

ನೀವೇ ಕರಣೆ ಹಿಡಿಯುವ ಆಸೆಯಿದ್ದರೆ ಇಂಥ ನಾಲ್ಕಾರು ಮಾದರಿಗಳನ್ನಾದರೂ ಮಾಡಿ ಕೈ ಪಳಗಿಸಿಕೊಳ್ಳಿ. ಕೆಳಗಿನ ಕಾಂಕ್ರೀಟನ್ನು ಯಾರು ಬೇಕಾದರೂ ಹಾಕಬಹುದು. ಮೇಲಿನ ಮೂರು ಮಿಲಿಮೀಟರಿನ ಬಣ್ಣದ ಪದರ ಮಾತ್ರ ಪುಸ್ತಕ ಓದಿ ಬರುವುದಿಲ್ಲ.

ಬೇಕಾಗುವ ಸಾಮಾನು

ಸಿಮೆಂಟ್ ಲೆಕ್ಕಕ್ಕೆ ಎರಡು ಮೂಟೆಗಿಂತ ತುಸು ಹೆಚ್ಚು ಬೇಕು, ಮೂರು ತಂದಿಡಿ. ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಐದೂವರೆಯಿಂದ ಆರು ಘನ ಅಡಿ. ಬೇಬಿ ಜಲ್ಲಿ, ಅಂದರೆ ಹತ್ತು–ಹನ್ನೆರಡು ಮಿಲಿಮೀಟರಿನದು, ಆರೂವರೆ ಘನ ಅಡಿ. ಕೆಂಪು ಆಕ್ಸೈಡ್ ಪುಡಿ ಒಂದೂವರೆ ಕಿಲೊ. ಎರಡು ಭಾಗಗಳಲ್ಲಿ ಬರುವ, ಪುಡಿ ಮತ್ತು ದ್ರವವನ್ನು ಬೆರೆಸಿ ಹಚ್ಚುವ ನೀರುತಡೆ ಲೇಪನ, ನೆಲಕ್ಕೂ ಗೋಡೆಯ ಒಂದು ಅಡಿಗೂ ಎರಡು ಸಲ ಸಾಕಾಗುವಷ್ಟು. ಕಾಂಕ್ರೀಟಿಗೆ ಬೆರೆಸುವ ಪಾಲಿಪ್ರೊಪಿಲೀನ್ ನಾರು ಎರಡು ಪೊಟ್ಟಣ. ಮಾರುಕಟ್ಟೆಯಲ್ಲಿ ಒಂದು ಮೂಟೆ ಸಿಮೆಂಟಿಗೆ 125 ಗ್ರಾಮಿನ ಒಂದು ಪೊಟ್ಟಣ ಎಂಬ ಲೆಕ್ಕದಲ್ಲಿ ಸಿಗುತ್ತದೆ. ಕೊನೆಯಲ್ಲಿ ಹಚ್ಚಲು ಒಳಗಿಳಿಯುವ ಬಗೆಯ ಸೀಲರ್ ಒಂದು ಲೀಟರ್.

ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಹಳಬರು ಮೂಗು ಮುರಿಯುತ್ತಾರೆ, ಆದರೆ ಈ ಕೆಲಸಕ್ಕೆ ಅದು ವಾಸಿ. ಬಿಸಿ ಕಡಿಮೆ ಬಿಡುತ್ತದೆ, ನಿಧಾನವಾಗಿ ಗಟ್ಟಿಯಾಗುತ್ತದೆ, ಕರಣೆ ಆಡಿಸಲು ಸಮಯ ಸಿಗುತ್ತದೆ. ಅದು ಕೇಳುವ ಬೆಲೆ ಒಂದೇ: ಹೆಚ್ಚು ದಿನ ನೀರು. ಕೆಂಪಿಗೂ ಕಪ್ಪಿಗೂ ಬೂದು ಸಿಮೆಂಟೇ ಸಾಕು. ಹಳದಿಯೋ ಹಸಿರೋ ಬೇಕೆನಿಸಿದರೆ ಬಿಳಿ ಸಿಮೆಂಟ್ ತೆಗೆದುಕೊಳ್ಳಬೇಕು. ಅದರ ಮೇಲೆ ಉಕ್ಕಿನ ಕರಣೆ ಕಪ್ಪು ಗೀರು ಬಿಡುವುದರಿಂದ ಪ್ಲಾಸ್ಟಿಕ್ ಕರಣೆಯೂ ಬೇಕಾಗುತ್ತದೆ.

ಸಲಕರಣೆಯಲ್ಲಿ ಬಾಂಡ್ಲಿ, ಸನಿಕೆ, ಮರದ ಮಣೆ, ಎರಡು ಉಕ್ಕಿನ ಕರಣೆ, ಮಟ್ಟಗೋಲು, ರಸಮಟ್ಟ ಇವು ಮೇಸ್ತ್ರಿಯ ಚೀಲದಲ್ಲೇ ಇರುತ್ತವೆ. ನೀವು ತರಬೇಕಾದದ್ದು ಮೊಣಕೈವರೆಗಿನ ರಬ್ಬರ್ ಕೈಗವಸು. ಹಸಿ ಸಿಮೆಂಟ್ ತೀವ್ರ ಕ್ಷಾರ. ಒಂದು ದಿನ ಬರಿಗೈಯಲ್ಲಿ ಕಲಸಿದರೆ ಬೆರಳ ತುದಿಗಳು ತೂತಾಗುತ್ತವೆ. ನಮ್ಮ ಮೇಸ್ತ್ರಿ ಗವಸು ಹಾಕಲು ನಾಚಿದರು. ಹಾಕಿಸಿದೆ.

ಒಡೆಯುವುದು, ನೀರು ತಡೆಯುವುದು

ಹಳೆಯ ಟೈಲ್ಸ್ ಮೇಲೆಯೇ ಗಾರೆ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ನುಣುಪು ಟೈಲ್ಸಿಗೆ ಗಾರೆ ಕಚ್ಚುವುದಿಲ್ಲ, ನೆಲ ಎರಡು ಮೂರು ಇಂಚು ಮೇಲೆದ್ದು ಬಚ್ಚಲಿನ ನೀರು ಮಲಗುವ ಕೋಣೆಗೆ ಹರಿಯುತ್ತದೆ. ಬಚ್ಚಲಿನ ನೆಲ ಬಾಗಿಲ ಬಳಿಯೂ ಹೊರಗಿನ ನೆಲಕ್ಕಿಂತ ಅರ್ಧದಿಂದ ಒಂದು ಇಂಚು ಕೆಳಗಿರಬೇಕು. ಚಾಣ ಹಿಡಿದು ಟೈಲ್ಸನ್ನೂ ಅದರಡಿಯ ಗಾರೆಯನ್ನೂ ಎಬ್ಬಿಸಿ, ಮುಗಿಯುವ ಮಟ್ಟಕ್ಕಿಂತ ನಾಲ್ಕೂವರೆ ಇಂಚಿನವರೆಗೆ ಇಳಿಯಿರಿ. ಹೊಸ ಮನೆಯಾದರೆ ಬಚ್ಚಲಿನ ಸ್ಲ್ಯಾಬನ್ನು ಸಾಮಾನ್ಯವಾಗಿ ತಗ್ಗಿಸಿಯೇ ಹಾಕಿರುತ್ತಾರೆ. ಆ ಗುಂಡಿಯನ್ನು ಇಟ್ಟಿಗೆ ಚೂರು ಮತ್ತು ಗಾರೆಯಿಂದ ತುಂಬಿಸುವ ಮುಂಚೆಯೇ ಪೈಪುಗಳಲ್ಲಿ ನೀರು ಬಿಟ್ಟು ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗಾರೆ ನೆಲದಲ್ಲಿ ಒಂದು ಟೈಲ್ ಕಿತ್ತು ಪೈಪ್ ನೋಡುವ ಅನುಕೂಲವಿಲ್ಲ.

ತೆರೆದ ಸ್ಲ್ಯಾಬನ್ನು ಗುಡಿಸಿ, ತೊಳೆದು, ಧೂಳು ಹೋದ ಮೇಲೆ ಮೂಲೆಗಳ ಕಡೆ ಗಮನ ಕೊಡಿ. ನೀರು ಇಳಿಯುವುದು ನೆಲದ ನಡುವಿನಿಂದಲ್ಲ. ಗೋಡೆ ಮತ್ತು ನೆಲ ಸೇರುವ ಗೆರೆಯಿಂದ, ಪೈಪು ಸ್ಲ್ಯಾಬನ್ನು ತೂರಿಹೋಗುವ ಜಾಗದಿಂದ, ನೆಲದ ನೀರು ಹೊರಹೋಗುವ ಜಾಲಿಯಡಿಯ ನಹಾನಿ ಟ್ರ್ಯಾಪಿನ ಕುತ್ತಿಗೆಯಿಂದ. ಪೈಪಿನ ಸುತ್ತ ಸಣ್ಣ ಕಾಲುವೆಯಂತೆ ಕೊರೆದು ಕುಗ್ಗದ ಗ್ರೌಟ್ ತುಂಬಿಸಿ. ಗೋಡೆಯ ಬುಡದುದ್ದಕ್ಕೂ ಒಂದಕ್ಕೆ ಮೂರರ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಗಾರೆಯಿಂದ ಸಣ್ಣ ಇಳಿಜಾರು ಕಟ್ಟಿ. ಅದು ಒಣಗಿದ ಮೇಲೆ ಲೇಪನವನ್ನು ಬ್ರಷ್ಷಿನಿಂದ ಮೊದಲ ಸಲ ಉದ್ದಕ್ಕೆ, ಎರಡನೇ ಸಲ ಅಡ್ಡಕ್ಕೆ ಹಚ್ಚಿ. ಗೋಡೆಯ ಮೇಲೆ ಒಂದು ಅಡಿ ಏರಲಿ. ಸ್ನಾನ ಮಾಡುವ ಮೂಲೆಯಲ್ಲಿ ಇನ್ನೂ ಎತ್ತರಕ್ಕೆ ಹಚ್ಚಿದರೂ ತಪ್ಪಿಲ್ಲ. ಎರಡನೇ ಲೇಪನ ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ದಪ್ಪ ಮರಳನ್ನು ರಂಗೋಲಿ ಹುಡಿ ಚಿಮುಕಿಸಿದಂತೆ ತೆಳುವಾಗಿ ಚಿಮುಕಿಸಿ. ಲೇಪನ ಒಣಗಿದ ಮೇಲೆ ಅದನ್ನು ಚಾಣದಿಂದ ಕಚ್ಚು ಮಾಡುವಂತಿಲ್ಲವಲ್ಲ, ಕಾಂಕ್ರೀಟಿಗೆ ಹಿಡಿತ ಕೊಡುವುದು ಈ ಮರಳೇ.

ಡಬ್ಬದ ಮೇಲೆ ಹೇಳಿದಷ್ಟು ದಿನ ಒಣಗಿಸಿ. ನಂತರ ಟ್ರ್ಯಾಪಿನ ಬಾಯಿಗೆ ಬಟ್ಟೆ ಗಿಡಿದು ಎರಡು ಇಂಚು ನೀರು ನಿಲ್ಲಿಸಿ, ನೀರಿನ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಿ. ಕೆಳಗೆ ಮನೆಯಿದ್ದರೆ ಅವರ ಚಾವಣಿಯನ್ನು ಟಾರ್ಚ್ ಹಿಡಿದು ನೋಡಿ. ಗೆರೆಯಿಂದ ನೀರು ಎದ್ದು ಕಾಣುವಷ್ಟು ಇಳಿದಿದ್ದರೆ ಅದನ್ನು ಆವಿಯಾಯಿತೆಂದು ಸಮಾಧಾನ ಮಾಡಿಕೊಳ್ಳಬೇಡಿ. ಸೋರಿಕೆಯನ್ನು ಹುಡುಕಿ ಸರಿಪಡಿಸಿ, ಮತ್ತೆ ನೀರು ನಿಲ್ಲಿಸಿ. ಗಾರೆ ನೆಲವೂ ಕಾಂಕ್ರೀಟೂ ನೀರನ್ನು ತಡೆಯುವುದಿಲ್ಲ. ತಡೆಯುವುದು ಈ ಲೇಪನ ಮಾತ್ರ.

ವಾಟ ಹಿಡಿಯುವುದು

ನೀರಿಗೆ ದಾರಿ ತೋರಿಸುವ ಇಳಿಜಾರನ್ನು ಗಾರೆಯವರು ವಾಟ ಎನ್ನುತ್ತಾರೆ. ಐದು ಅಡಿಗೆ ಒಂದು ಇಂಚು, ಅಂದರೆ ಅರವತ್ತಕ್ಕೆ ಒಂದು. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ತೀರಾ ಹೆಚ್ಚಾದರೆ ಬಕೆಟ್ ಓರೆಯಾಗಿ ನಿಂತು ಕಾಲಿಗೆ ಅಸಹನೆಯಾಗುತ್ತದೆ. ನಮ್ಮ ಲೆಕ್ಕದ ಬಚ್ಚಲಿನಲ್ಲಿ ಟ್ರ್ಯಾಪ್ ಬಾಗಿಲಿಗೆ ಎದುರು ಮೂಲೆಯಲ್ಲಿದ್ದರೆ ಓರೆ ಅಂತರ ಎಂಟೂವರೆ ಅಡಿಯಷ್ಟಾಗುತ್ತದೆ, ಇಳಿಜಾರು ಒಂದೂಮುಕ್ಕಾಲು ಇಂಚು. ಹಾಗಾಗಿ ಬೆಡ್ ಕಾಂಕ್ರೀಟಿನ, ಅಂದರೆ ಗಾರೆಯ ಅಡಿಗೆ ಹಾಕುವ ಕಾಂಕ್ರೀಟಿನ, ದಪ್ಪ ಟ್ರ್ಯಾಪಿನ ಬಳಿ ಒಂದೂವರೆ ಇಂಚು, ದೂರದ ಮೂಲೆಯಲ್ಲಿ ಮೂರೂಕಾಲು ಇಂಚು.

ಇಲ್ಲಿ ಒಂದು ವಿಷಯವನ್ನು ಮೇಸ್ತ್ರಿಗೆ ಖಂಡಿತವಾಗಿ ಹೇಳಿ: ವಾಟವೆಲ್ಲ ಬೆಡ್ ಕಾಂಕ್ರೀಟಿನಲ್ಲೇ ಬರಬೇಕು. "ಮೇಲಿನ ಗಾರೆಯಲ್ಲಿ ಸರಿಮಾಡುತ್ತೇನೆ" ಎಂದರೆ ಒಪ್ಪಬೇಡಿ. ಮೇಲಿನ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದಾಗ ಎರಡೂ ಬೇರೆ ಬೇರೆ ವೇಗದಲ್ಲಿ ಗಟ್ಟಿಯಾಗುತ್ತವೆ. ತೆಳುವಿನ ಕಡೆ ಕರಣೆ ಆಡುವ ಹೊತ್ತು ಮೀರಿರುತ್ತದೆ, ದಪ್ಪದ ಕಡೆ ಇನ್ನೂ ಕೆಸರು.

ಗೋಡೆಯ ಸುತ್ತ ಮುಗಿಯುವ ಮಟ್ಟಕ್ಕೆ ಗೆರೆ ಹಾಕಿ, ಅದರಿಂದ ಒಂದು ಇಂಚು ಕೆಳಗೆ ಬೆಡ್ಡಿನ ಗೆರೆ ಹಾಕಿ. ಟ್ರ್ಯಾಪಿನ ಜಾಲಿ ಮುಗಿದ ನೆಲಕ್ಕಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ಕೂರುವಂತೆ ಈಗಲೇ ಅಳೆದಿಡಿ. ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕು, ಜೊತೆಗೆ ನಾರು. ನೀರು ಮೂಟೆಗೆ 25 ಲೀಟರ್ ದಾಟದಿರಲಿ, ಮರಳು ಒದ್ದೆಯಿದ್ದರೆ ಅದಕ್ಕೂ ಕಡಿಮೆ. ಉಂಡೆ ಕಟ್ಟಿದರೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಜಿನುಗಬಾರದು. ಕೆಲಸದವರು ಸಲೀಸಾಗಲೆಂದು ಬಕೆಟ್ಟಿನಿಂದ ಇನ್ನೊಂದು ಚೂರು ಸುರಿಯುತ್ತಾರೆ. ಆ ಹೆಚ್ಚಿನ ನೀರು ಆವಿಯಾಗಿ ಹೋದ ಜಾಗವೆಲ್ಲ ತೂತು, ಕುಗ್ಗಿದ ಜಾಗವೆಲ್ಲ ಬಿರುಕು. ಹರಡಿ, ಚೆನ್ನಾಗಿ ಕುಟ್ಟಿ, ಮಟ್ಟಗೋಲಿನಿಂದ ಎಳೆದ ಮೇಲೆ ಮೈಯನ್ನು ನುಣುಪು ಮಾಡದೆ ತೆಂಗಿನ ಪೊರಕೆಯಿಂದ ಗೀರಿ ಬಿಡಿ.

ಮರುದಿನ ಟ್ರ್ಯಾಪಿನಿಂದ ದೂರದ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು ನೋಡಿ. ಎಲ್ಲಿಯಾದರೂ ಅಂಗೈಯಗಲ ನಿಂತರೆ ಆ ಜಾಗವನ್ನು ಸೀಮೆಸುಣ್ಣದಿಂದ ಸುತ್ತಿ, ಇಂದೇ ಸರಿಮಾಡಿಸಿ. ನಮ್ಮ ಮೊದಲ ಬಚ್ಚಲಿನಲ್ಲಿ ಈ ಚೊಂಬಿನ ಪರೀಕ್ಷೆ ಮಾಡಲಿಲ್ಲ. ಕಮೋಡಿನ ಹಿಂದೆ ಇಂದಿಗೂ ಒಂದು ಪುಟ್ಟ ಕೆರೆ ಇದೆ.

ಬಣ್ಣದ ದಿನ

ಗಾರೆಯನ್ನೂ ಬಣ್ಣವನ್ನೂ ಒಂದೇ ದಿನ ಮುಗಿಸಬೇಕು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಸಂಜೆಯವರೆಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಏಪ್ರಿಲ್–ಮೇ ತಿಂಗಳ ಬಿಸಿಗಾಳಿಯಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರಿನ ಕಡೆ, ಗಾರೆ ಕಣ್ಣೆದುರೇ ಗಟ್ಟಿಯಾಗುತ್ತದೆ. ಅಲ್ಲಿಯವರು ಮಳೆಗಾಲ ಶುರುವಾಗುವವರೆಗೆ ಕಾಯುವುದು ಲೇಸು. ಫ್ಯಾನು ಬೇಡ, ಕಿಟಕಿಗೆ ಗೋಣಿ ಕಟ್ಟಿ.

ಹಿಂದಿನ ದಿನವೇ ಬಣ್ಣವನ್ನು ಒಣದಾಗಿ ಬೆರೆಸಿಟ್ಟುಕೊಳ್ಳಿ. ಸಿಮೆಂಟ್ 12 ಕಿಲೊ, ಆಕ್ಸೈಡ್ 1.2 ಕಿಲೊ, ಹಿಟ್ಟಿನ ಜರಡಿಯಲ್ಲಿ ಇಳಿದ ನಯವಾದ ಮರಳು 12 ಕಿಲೊ. ಮೊದಲು ಸಿಮೆಂಟನ್ನೂ ಆಕ್ಸೈಡನ್ನೂ ಸೊಳ್ಳೆ ಪರದೆಯ ಬಲೆಯಲ್ಲಿ ಎರಡು ಮೂರು ಸಲ ಜರಡಿ ಹಿಡಿದು ಒಂದೇ ಬಣ್ಣವಾಗುವವರೆಗೆ ಕಲಸಿ, ಆಮೇಲೆ ಮರಳು ಸೇರಿಸಿ. ಪೂರ್ತಿ ನೆಲಕ್ಕೂ ಗೋಡೆಯ ಬುಡದ ಪಟ್ಟಿಗೂ ಸಾಕಾಗುವಷ್ಟನ್ನು ಒಟ್ಟಿಗೆ ಬೆರೆಸಬೇಕು. ನಡುವೆ ಮುಗಿದು ಇನ್ನೊಂದು ಪಾಕ ಬೆರೆಸಿದರೆ ಎರಡು ಕೆಂಪುಗಳು ಜೀವನಪರ್ಯಂತ ಒಂದನ್ನೊಂದು ಅಣಕಿಸುತ್ತವೆ.

ಈ ಪ್ರಮಾಣದ ಬಗ್ಗೆ ನಮ್ಮ ಮೇಸ್ತ್ರಿಗೂ ನನಗೂ ಜಗಳವೇ ಆಯಿತು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಬಣ್ಣ ಹಾಕಿ ಅಭ್ಯಾಸವಾದ ಕೈ ಅವರದು. ಪಡಸಾಲೆಯ ಕಡುಗೆಂಪು ಬರುವುದು ಹಾಗೆಯೇ. ಆದರೆ ಆಕ್ಸೈಡಿಗೆ ಅಂಟಿಸುವ ಗುಣವಿಲ್ಲ, ಅದು ಬರೀ ಪುಡಿ. ಸಿಮೆಂಟಿನ ತೂಕದ ಶೇಕಡ 10 ದಾಟಿದರೆ ಪದರದ ಬಲ ಕುಗ್ಗುತ್ತದೆ, ಒದ್ದೆ ಕಾಲಿಗೆ ಬಣ್ಣ ಹತ್ತಿ ಹೊರಗಿನ ನೆಲದ ಮೇಲೆ ಹೆಜ್ಜೆ ಮೂಡುತ್ತದೆ. ದಿನಕ್ಕೆ ನಾಲ್ಕು ಸಲ ನೀರು ಬೀಳುವ ಜಾಗದಲ್ಲಿ ನಾನು ಹತ್ತರಲ್ಲೇ ನಿಲ್ಲುತ್ತೇನೆ. ಬಣ್ಣ ಹಳೆಯ ಹಂಚಿನಷ್ಟು ಮಂದವಾಗುತ್ತದೆ. ನನಗೆ ಅದೇ ಇಷ್ಟ. ಮರಳು ಬೆರೆಸುವುದಕ್ಕೂ ಅವರು ಒಪ್ಪಲಿಲ್ಲ, ಹೊಳಪು ಬರುವುದಿಲ್ಲವೆಂದು. ಹೊಳಪು ಬರದಿರುವುದೇ ನಮಗೆ ಬೇಕಾದದ್ದು. ಮೇಲಾಗಿ ಬರೀ ಸಿಮೆಂಟಿನ ಪದರ ಒಣಗುತ್ತ ಕುಗ್ಗಿ ಜೇಡರ ಬಲೆಯಂತೆ ಬಿರಿಯುತ್ತದೆ, ಮರಳಿದ್ದರೆ ಅದು ಬಹಳ ಕಡಿಮೆ.

ಬೆಳಿಗ್ಗೆ ಬೆಡ್ಡನ್ನು ತೊಳೆದು, ನಿಂತ ನೀರನ್ನು ಬಟ್ಟೆಯಲ್ಲಿ ಹೀರಿ, ಗಂಜಿಯಷ್ಟು ತೆಳುವಾದ ಸಿಮೆಂಟ್ ನೀರನ್ನು ಪೊರಕೆಯಿಂದ ಬಳಿಯಿರಿ. ಅದು ಒಣಗುವ ಮುನ್ನ ಒಂದಕ್ಕೆ ಮೂರರ ಗಾರೆಯನ್ನು ಮುಕ್ಕಾಲು ಇಂಚು ದಪ್ಪಕ್ಕೆ ಹರಡಿ, ಮಟ್ಟಗೋಲು ಎಳೆದು, ಮರದ ಮಣೆಯಿಂದ ಉಜ್ಜಿ. ಒಳಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತ ಬರಬೇಕು. ಗೋಡೆಯ ಬುಡದಲ್ಲಿ ಗಾರೆಯನ್ನು ನಾಲ್ಕಾರು ಇಂಚು ಏರಿಸಿ, ಮೂಲೆಯನ್ನು ಗುಂಡಗೆ ಮಾಡಿ. ಇದಕ್ಕೆ ಬೇರೆ ಕರಣೆಯೇ ಇದೆ, ಇಲ್ಲದಿದ್ದರೆ ಗಾಜಿನ ಸೋಡಾ ಬಾಟಲಿಯನ್ನು ಮಲಗಿಸಿ ಎಳೆದರೂ ಆಯಿತು. ಗುಂಡು ಮೂಲೆಯಲ್ಲಿ ಕೊಳೆ ಕೂರುವುದಿಲ್ಲ, ಬಿರುಕೂ ಬೇಗ ಬರುವುದಿಲ್ಲ.

ಈಗ ಕಾಯಬೇಕು. ಒಂದು ಗಂಟೆಯಾಗಬಹುದು, ಒಂದೂವರೆಯಾಗಬಹುದು. ಗಡಿಯಾರ ನೋಡದೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗುರುತು ಮೂಡಬೇಕು, ಆದರೆ ಬೆರಳಿಗೆ ಗಾರೆ ಅಂಟಬಾರದು, ಮೇಲೆ ನೀರಿನ ಮಿನುಗು ಇರಬಾರದು. ಆ ಹದ ಬಂದಾಗ ಬಣ್ಣಕ್ಕೆ ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಎರಡರಿಂದ ಮೂರು ಮಿಲಿಮೀಟರ್ ದಪ್ಪಕ್ಕೆ ಕರಣೆಯಿಂದ ಒತ್ತಿ ಎಳೆಯಿರಿ. ದೋಸೆ ಹಿಟ್ಟಿನಷ್ಟು ನೀರಾದರೆ ಬಣ್ಣ ತಗ್ಗಿಗೆ ಓಡಿ ಟ್ರ್ಯಾಪಿನ ಸುತ್ತ ಕಡುವಾಗಿ ಕೂರುತ್ತದೆ.

ಸ್ನಾನದ ಜಾಗಕ್ಕೂ ಉಳಿದ ಜಾಗಕ್ಕೂ ನಡುವೆ ಒಂದು ಗೆರೆ ಬೇಕು. ಗಾಜಿನ ಅಥವಾ ಹಿತ್ತಾಳೆಯ ಪಟ್ಟಿಯನ್ನು ಗಾರೆ ಹಾಕುವಾಗಲೇ ನಿಲ್ಲಿಸಬಹುದು. ಅಲ್ಯುಮಿನಿಯಂ ಬೇಡ, ಅದನ್ನು ಹಸಿ ಸಿಮೆಂಟ್ ತಿನ್ನುತ್ತದೆ. ನಾವು ಹಳೆಯ ಉಪಾಯ ಮಾಡಿದೆವು. ದಪ್ಪ ಹತ್ತಿ ಹುರಿಯನ್ನು ಎರಡು ಕಡೆಯಿಂದ ಬಿಗಿಯಾಗಿ ಹಿಡಿದು ಹಸಿ ಬಣ್ಣದ ಮೇಲೆ ಒತ್ತಿ ಎತ್ತಿದರೆ ನೇರವಾದ ಗೆರೆ ಮೂಡುತ್ತದೆ. ಹಳೆಯ ಗಾರೆ ನೆಲಗಳ ಚೌಕುಳಿಗಳಲ್ಲಿ ಬಹಳಷ್ಟು ಹೀಗೆ ಬಂದವೇ.

ಕರಣೆ ಆಡಿಸುವುದು

ಬಣ್ಣ ಎಳೆದ ಮೇಲೆ ಮತ್ತೆ ಹೆಬ್ಬೆರಳಿನ ಹದಕ್ಕೆ ಕಾಯಿರಿ. ಎರಡು ಹಲಗೆ ತುಂಡುಗಳ ಮೇಲೆ ಮೊಣಕಾಲೂರಿ, ಕರಣೆಯ ಮುಂದಿನ ಅಂಚನ್ನು ಕಾಗದದಷ್ಟು ಎತ್ತಿ, ಅರ್ಧಚಂದ್ರದಂತೆ ಒತ್ತಿ ಎಳೆಯಬೇಕು. ಮೊದಲ ಸುತ್ತಿನಲ್ಲಿ ಕರಣೆ ಒದ್ದೆ ಸದ್ದು ಮಾಡುತ್ತದೆ, ಬಣ್ಣ ಸ್ವಲ್ಪ ಮುಂದೆ ಸರಿಯುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಎರಡನೇ ಸುತ್ತು. ಈಗ ಒತ್ತಡ ಹೆಚ್ಚಿರಲಿ. ಮೂರನೇ ಸುತ್ತಿನಲ್ಲಿ ಸದ್ದು ಬದಲಾಗುತ್ತದೆ, ಬಾಣಲೆಯ ತಳಕ್ಕೆ ಸೌಟು ತಾಗಿದಂತೆ ಸಣ್ಣಗೆ ಠಣ್ ಎನ್ನುತ್ತದೆ. ಹೊಳಪು ಹುಟ್ಟುವುದು ಅಲ್ಲಿಂದ ಮುಂದೆ.

ಸ್ನಾನದ ಜಾಗದಲ್ಲಿ ಎರಡನೇ ಸುತ್ತಿಗೆ ಕರಣೆಯನ್ನು ಕೆಳಗಿಡಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಮೆಲ್ಲಗೆ ಸುತ್ತುತ್ತ ಬನ್ನಿ. ಮೇಲಿನ ಸಿಮೆಂಟಿನ ನಯ ಸರಿದು ಸಣ್ಣ ಮರಳಿನ ತುದಿಗಳು ಕಾಣಿಸಿಕೊಳ್ಳುತ್ತವೆ. ಅಂಗೈಗೆ ಬೆಕ್ಕಿನ ನಾಲಿಗೆಯಷ್ಟು ಒರಟು ಸಿಕ್ಕರೆ ಸಾಕು. ಕನ್ನಡಿ, ವಾಶ್ ಬೇಸಿನ್ ಇರುವ ಒಣ ಭಾಗದಲ್ಲಿ ಮೂರನೇ ಸುತ್ತನ್ನೂ ಮುಗಿಸಿ ಒಂದು ಮಟ್ಟದ ಹೊಳಪಿಗೆ ಬರಬಹುದು. ಅಲ್ಲಿಯೂ ಕರಣೆ ಹೆಚ್ಚು ತಿಂದ ಕಡೆ ಕಪ್ಪು ಮೋಡದಂಥ ಛಾಯೆ ಉಳಿಯುತ್ತದೆ. ಇದನ್ನು ದೋಷವೆಂದು ಉಜ್ಜಿ ತೆಗೆಯಲು ಹೋಗಬೇಡಿ. ಕೈಕೆಲಸದ ನೆಲಕ್ಕೂ ಕಾರ್ಖಾನೆಯ ಟೈಲಿಗೂ ಇರುವ ವ್ಯತ್ಯಾಸವೇ ಅದು.

ಎರಡು ಕೆಟ್ಟ ಅಭ್ಯಾಸಗಳನ್ನು ಕಣ್ಣಿಟ್ಟು ತಡೆಯಿರಿ. ಮೇಲೆ ನೀರು ಎದ್ದು ಬಂದಾಗ ಒಣ ಸಿಮೆಂಟ್ ಉದುರಿಸಿ ಹೀರಿಸುವುದು ಒಂದು, ಗಟ್ಟಿಯಾಗತೊಡಗಿದಾಗ ನೀರು ಚಿಮುಕಿಸಿ ಕರಣೆ ಎಳೆಯುವುದು ಇನ್ನೊಂದು. ಮೊದಲನೆಯದರಿಂದ ಮೇಲ್ಪದರ ಬಿರಿಯುತ್ತದೆ, ಎರಡನೆಯದರಿಂದ ತಿಂಗಳೊಪ್ಪತ್ತಿನಲ್ಲಿ ಪುಡಿಯೇಳುತ್ತದೆ. ನಮ್ಮ ಮೊದಲ ಬಚ್ಚಲಿನಲ್ಲಿ ನಾನು ಕಾಫಿ ತರಲು ಒಳಗೆ ಹೋದ ಹತ್ತು ನಿಮಿಷದಲ್ಲಿ ಒಣ ಸಿಮೆಂಟ್ ಬಿದ್ದಾಗಿತ್ತು.

ನೀರುಣಿಸುವುದು

ರಾತ್ರಿ ಮುಟ್ಟಬೇಡಿ. ಮರುದಿನ ಉಗುರಿನಿಂದ ಗೀರಿದರೆ ಗುರುತು ಮೂಡದಷ್ಟು ಗಟ್ಟಿಯಾದ ಮೇಲೆ ಟ್ರ್ಯಾಪಿಗೆ ಬಟ್ಟೆ ಗಿಡಿದು, ಬಾಗಿಲಿಗೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಅತ್ಯಂತ ಎತ್ತರದ ಮೂಲೆಯೂ ಮುಳುಗುವಂತೆ ನೀರು ನಿಲ್ಲಿಸಿ. ಗೋಡೆಯ ಬುಡದ ಪಟ್ಟಿಗೆ ದಿನಕ್ಕೆ ನಾಲ್ಕೈದು ಸಲ ನೀರೆರಚಿ. ಹದಿನಾಲ್ಕು ದಿನ. ಒದ್ದೆ ಗೋಣಿಚೀಲ ಹಾಸುವ ರೂಢಿ ಬೇರೆ ನೆಲಕ್ಕೆ ಸರಿ, ಬಣ್ಣದ ನೆಲದ ಮೇಲೆ ಅದರ ಕಂದು ಕಲೆಯೂ ನೇಯ್ಗೆಯ ಅಚ್ಚೂ ಉಳಿಯುತ್ತದೆ. ಬಚ್ಚಲಿನ ಗುಣವೇ ನೀರು ನಿಲ್ಲಿಸಲು ಅನುಕೂಲವಾದದ್ದು. ಬೇರೆ ಕೋಣೆಗಳಿಗೆ ಈ ಭಾಗ್ಯವಿಲ್ಲ.

ಬೋರ್‌ವೆಲ್ಲಿನ ಗಡುಸು ನೀರು ನಿಂತು ಆವಿಯಾದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಸಾಧ್ಯವಾದರೆ ಮಳೆನೀರೋ ನಲ್ಲಿಯ ಸಿಹಿನೀರೋ ಬಳಸಿ, ನೀರು ಪೂರ್ತಿ ಆರಲು ಬಿಡಬೇಡಿ. ಸಿಮೆಂಟಿನೊಳಗಿನ ಸುಣ್ಣ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿಯೂ ಇಂಥ ಬಿಳಿ ಏಳುವುದುಂಟು. ಒಣಗಿದ ಮೇಲೆ ತೆಂಗಿನ ನಾರಿನಿಂದ ತಿಕ್ಕಿದರೆ ಹೆಚ್ಚಿನದು ಹೋಗುತ್ತದೆ. ಆಸಿಡ್ ಹಾಕಿ ತೊಳೆಯಿರಿ ಎನ್ನುವವರಿಗೆ ಕಿವಿಗೊಡಬೇಡಿ.

ಉಜ್ಜುವುದು, ಸೀಲರ್ ಹಚ್ಚುವುದು

ನೀರು ತೆಗೆದು ಎರಡು ವಾರ ಒಣಗಿಸಿ. ಈ ನೆಲಕ್ಕೆ ಪಾಲಿಶ್ ಯಂತ್ರವನ್ನು ತರಬಾರದು. ಬಣ್ಣದ ಪದರ ಇರುವುದೇ ಮೂರು ಮಿಲಿಮೀಟರ್, ಕಲ್ಲು ತಿರುಗಿದ ಕಡೆ ಬೂದು ಗಾರೆ ಇಣುಕುತ್ತದೆ. ಜಲ್ಲಿ ಕಾಣುವಂಥ ಬೂದು ನೆಲ ಬೇಕೆನ್ನುವವರು ಬಣ್ಣದ ಪದರವನ್ನು ಬಿಟ್ಟು, ಮೇಲೆ ಜಲ್ಲಿ ಬೆರೆತ ಒಂದೂವರೆ ಇಂಚಿನ ಕಾಂಕ್ರೀಟನ್ನೇ ಹಾಕಿಸಿ, ಮೊಸಾಯಿಕ್ ಪಾಲಿಶ್ ಮಾಡುವವರಿಂದ 60, 120, 320ರ (ಅಂಕಿ ಹೆಚ್ಚಿದಷ್ಟೂ ನಯ) ಕಲ್ಲುಗಳನ್ನು ಕ್ರಮವಾಗಿ ಹೊಡೆಸಬೇಕು. ಬಚ್ಚಲಿಗಾದರೆ 120ಕ್ಕೆ ನಿಲ್ಲಿಸಿ.

ನಮ್ಮ ಕೆಂಪು ನೆಲಕ್ಕೆ ಕೈ ಸಾಕು. ನೀರಿನಲ್ಲಿ ಬಳಸುವ ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ನೆಲ ಒದ್ದೆಯಿಟ್ಟುಕೊಂಡೇ ಉಜ್ಜಿ. ಒಣದಾಗಿ ಉಜ್ಜಿದರೆ ಏಳುವ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಸ್ನಾನದ ಜಾಗದಲ್ಲಿ 220ರ ಕಾಗದದಿಂದ ಒಂದೇ ಕೈ, ಮುಳ್ಳು ಮುಳ್ಳಾಗಿರುವ ಕಡೆ ಮಾತ್ರ. ಒಣ ಭಾಗದಲ್ಲಿ 400, ಆಮೇಲೆ 800. ಮುಗಿದ ಮೇಲೆ ಸೋಪು ನೀರು ಚೆಲ್ಲಿ, ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಬರಿಗಾಲಿನಲ್ಲಿ ನಿಂತು ಪಾದವನ್ನು ಹಿಂದೆ ಮುಂದೆ ಜಾರಿಸಿ ನೋಡಿ. ಜಾರಿದರೆ ಮತ್ತೆ 120ರ ಕಾಗದ ತೆಗೆದುಕೊಳ್ಳಿ. ಈ ಪರೀಕ್ಷೆಯನ್ನು ಮನೆಯ ಹಿರಿಯರು ಮಾಡುವಂತಾಗಬಾರದು.

ಸೀಲರ್ ಹಚ್ಚುವ ಮುನ್ನ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೆಲದಲ್ಲಿ ಇನ್ನೂ ತೇವವಿದೆ, ಕಾಯಿರಿ. ಅಂಗಡಿಯಲ್ಲಿ ಕೇಳಬೇಕಾದದ್ದು ಸೈಲೇನ್–ಸೈಲಾಕ್ಸೇನ್ ಬಗೆಯದು. ಇದು ರಂಧ್ರಗಳೊಳಗೆ ಇಳಿದು ನೀರನ್ನು ದೂರವಿಡುತ್ತದೆ, ಮೇಲೆ ಪೊರೆ ಕಟ್ಟುವುದಿಲ್ಲ. ಎಪಾಕ್ಸಿ, ಪಾಲಿಯುರೆಥೇನ್ ಮುಂತಾದ ಹೊಳೆಯುವ ಲೇಪಗಳು ಹೊಸದರಲ್ಲಿ ಚೆಂದ. ಅಡಿಯಿಂದ ತೇವ ಬಂದಾಗ ಹಪ್ಪಳದಂತೆ ಏಳುತ್ತವೆ, ಅಲ್ಲಿಯವರೆಗೆ ಜಾರಿಸುತ್ತವೆ. ಪಡಸಾಲೆಯ ನೆಲಕ್ಕೆ ಮೇಣ ಹಚ್ಚುವ, ಕೊಬ್ಬರಿ ಎಣ್ಣೆ ಸವರುವ ಪದ್ಧತಿಯನ್ನು ಬಚ್ಚಲಿಗೆ ತರಲೇಬೇಡಿ. ಎರಡು ಸಲ ಹಚ್ಚಿ, ಒಂದೆರಡು ದಿನ ನೀರು ತಾಗಿಸದೆ ಬಿಟ್ಟರೆ ಕೆಲಸ ಮುಗಿಯಿತು. ವರ್ಷಕ್ಕೊಮ್ಮೆ ನಾಲ್ಕು ಹನಿ ನೀರು ಹಾಕಿ ನೋಡಿ: ಮುತ್ತಿನಂತೆ ನಿಂತರೆ ಸರಿ, ಹೀರಿಕೊಂಡು ನೆಲ ಕಪ್ಪಾದರೆ ಮತ್ತೊಂದು ಸಲ ಹಚ್ಚುವ ಸಮಯ.

ಮುಂದಿನ ನಿಗಾ

ಕಮೋಡ್ ತೊಳೆಯುವ ಆಸಿಡ್ ದ್ರವ ಈ ನೆಲದ ದೊಡ್ಡ ಶತ್ರು. ಒಂದು ಸಲ ಚೆಲ್ಲಿದರೆ ಸಿಮೆಂಟ್ ನೊರೆಯೆದ್ದು ಕರಗಿ, ಆ ಆಕಾರದಲ್ಲೇ ಮಾಸದ ಕಲೆ ಉಳಿಯುತ್ತದೆ. ನಿತ್ಯದ ಕೆಲಸಕ್ಕೆ ಸೌಮ್ಯವಾದ ಸೋಪು ನೀರು, ತೆಂಗಿನ ನಾರಿನ ಬ್ರಷ್ ಸಾಕು. ನಿಂಬೆಹಣ್ಣು, ಹುಣಸೆಹಣ್ಣು ಹಾಕಿ ತಾಮ್ರದ ಹಂಡೆ ತಿಕ್ಕುವವರು ಅದನ್ನು ಹಿತ್ತಲಲ್ಲಿ ಮಾಡಲಿ. ಅರಿಸಿನ, ಮೆಹಂದಿ, ತಲೆಗೆ ಹಚ್ಚುವ ಬಣ್ಣ ಬಿದ್ದ ತಕ್ಷಣ ನೀರು ಹಾಕಿ. ನೀರು ತುಂಬುವ ಹಬ್ಬದ ಮರುದಿನ ಎಣ್ಣೆ ಸ್ನಾನಗಳೆಲ್ಲ ಮುಗಿದ ಮೇಲೆ ನೆಲಕ್ಕೆ ಕಡಲೆಹಿಟ್ಟು ಉದುರಿಸಿ, ಎಣ್ಣೆ ಹೀರಲು ಹತ್ತು ನಿಮಿಷ ಬಿಟ್ಟು, ಗುಡಿಸಿ ತೆಗೆದು, ಬಿಸಿನೀರಿನಲ್ಲಿ ತೊಳೆದರೆ ಮೊದಲಿನ ಹಿಡಿತ ಬರುತ್ತದೆ.

ಕೂದಲೆಳೆಯ ಬಿರುಕುಗಳು ಒಂದಿಷ್ಟು ಬಂದೇ ಬರುತ್ತವೆ. ಉಗುರು ಸಿಕ್ಕದಷ್ಟು ಸಣ್ಣವಾದರೆ ಚಿಂತೆ ಬೇಡ. ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮಾತ್ರ ಆ ಜಾಗದ ಪದರ ಬೆಡ್ಡನ್ನು ಬಿಟ್ಟಿದೆ ಎಂದರ್ಥ, ಅಷ್ಟನ್ನು ಚೌಕವಾಗಿ ಕತ್ತರಿಸಿ ಮತ್ತೆ ಹಾಕಿಸಬೇಕು. ಅಂಥ ತೇಪೆಯ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಹತ್ತಿರವಾದರೂ ಬರಲೆಂದು ಉಳಿದ ಆಕ್ಸೈಡನ್ನು ಗಾಜಿನ ಭರಣಿಯಲ್ಲಿ ತುಂಬಿ, ಸಿಮೆಂಟ್, ಬಣ್ಣ ಮತ್ತು ಮರಳಿನ ತೂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಅಟ್ಟದ ಮೇಲಿಟ್ಟಿದ್ದೇನೆ. ಸಿಮೆಂಟನ್ನು ಹೀಗೆ ಇಡಬೇಡಿ, ಅದು ತೇವ ಹೀರಿ ಕಲ್ಲಾಗುತ್ತದೆ.